ಬ್ಯಾಗಿನಲ್ಲಿದ್ದ ಕನ್ನಡಕ

17 ಆಗಸ್ಟ್ 2024, ಶನಿವಾರ, ಶಿವಮೊಗ್ಗ

ಐಸಿಯು ಬಾಗಿಲ ಹೊರಗೆ ಇವತ್ತಿಗೆ ಒಂಬತ್ತು ದಿನ. ಅಪ್ಪಯ್ಯನ ವೆಂಟಿಲೇಟರ್ ತೆಗೆದು ಎರಡು ದಿನವಾಯಿತು. ನ್ಯುಮೋನಿಯಾ ಇಳಿಯುತ್ತಿದೆ ಅಂದರು. ಆದರೆ ನಿನ್ನೆ ರಾತ್ರಿ ಮೂಗಿನ ಪೈಪ್ ಕಿತ್ತುಕೊಂಡನಂತೆ. ಸಂಜೆ ಮಾತಾಡಿಸಿದಾಗ ನಾನು ಯಾರೆಂದೇ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಹೋದರೆ ಎರಡೂ ಕೈಗೆ ಬ್ಯಾಂಡೇಜ್ ಸುತ್ತಿ ಮಂಚಕ್ಕೆ ಕಟ್ಟಿದ್ದರು.

ಡೆಲಿರಿಯಂ ಅಂತೆ, ಕಾಯಿಲೆಯಲ್ಲಿ ಇದ್ದಕ್ಕಿದ್ದಂತೆ ತಲೆ ಗಲಿಬಿಲಿಯಾಗುವುದು. ಹಗಲೂ ರಾತ್ರಿಯೂ ಅದೇ ಲೈಟು, ಮಷಿನ್ ಸದ್ದು, ಮಂಪರಿನ ಔಷಧಿ, ಮೇಲೆ ಸೋಂಕು. ಎಂಬತ್ತರ ತಲೆ ಎಷ್ಟು ಅಂತ ತಡೆಯುತ್ತದೆ?

ಇಲ್ಲಿ ಒಳಗೆ ಬಿಡುವುದು ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ. ಗೌನ್ ಹಾಕಿ ಕೈ ತೊಳೆಯುವಷ್ಟರಲ್ಲಿ ಮೂರು ನಿಮಿಷ ಹೋಯ್ತು. ಉಳಿದ ಹೊತ್ತಲ್ಲಿ ನಾನು ಅಪ್ಪಯ್ಯನಿಗಿಂತ ಮಾನಿಟರ್ ನೋಡಿದ್ದೇ ಜಾಸ್ತಿ. ಮಿಕ್ಕಂತೆ ನನ್ನ ಕೆಲಸ ಚೀಟಿ ಹಿಡಿದು ಮೆಡಿಕಲ್‌ಗೆ ಓಡುವುದು, ತೋರಿಸಿದಲ್ಲಿ ಸಹಿ ಹಾಕುವುದು.

ಇವತ್ತು ಹೊಸ ಸಿಸ್ಟರ್ ಇದ್ದರು. "ಅಜ್ಜನಿಗೆ ಕನ್ನಡಕ ಇಲ್ವಾ? ಕಿವಿ ಮಷಿನ್?" ಎರಡೂ ಇತ್ತು. ಅಡ್ಮಿಟ್ ಮಾಡಿದ ದಿನ ವಾಚು, ಉಂಗುರದ ಜೊತೆ ನನ್ನ ಕೈಗೇ ಕೊಟ್ಟಿದ್ದರು. ಒಂಬತ್ತು ದಿನ ನನ್ನ ಬ್ಯಾಗಿನಲ್ಲೇ!

ಹಾಕಿದೆ. ಕೈಕಟ್ಟು ಬಿಚ್ಚಿದರು. "ನೀವಿರೋವಷ್ಟು ಹೊತ್ತು ಇದು ಬೇಡ. ಊರು, ವಾರ ಹೇಳ್ತಾ ಇರಿ, ಬೆರಳು ಮಡಚಿ ಬಿಡಿಸಿ." ಶಿವಮೊಗ್ಗ ಅಪ್ಪಯ್ಯ, ಶನಿವಾರ, ಆಸ್ಪತ್ರೆ ಅಂತ ಹೇಳುತ್ತಲೇ ಇದ್ದೆ. ಅರ್ಧ ಗಂಟೆಯಾದರೂ ಸಿಸ್ಟರ್ ಗಡಿಯಾರ ನೋಡಲಿಲ್ಲ.

"ಎರಡ್ನೇ ಔಷಧಿ ಹೊಡೆದಾಯ್ತೇನೋ?"

ಅಡಿಕೆಗೆ ಕೊಳೆ ಬಾರದ ಹಾಗೆ ಹೊಡೆಯುವ ಮೈಲುತುತ್ತ-ಸುಣ್ಣ. ಹೊಡೆದಿರಲಿಲ್ಲ. ಮಳೆ ಬಿಟ್ಟಿಲ್ಲ ಅಂದೆ. ಸರಿಯಾಗಿ ಬೈಸಿಕೊಂಡೆ. ಪಕ್ಕದ ಬೆಡ್ಡಿನವರ ಮಗಳೂ ನಕ್ಕಳು.

ಹೊರಗೆ ಕೂತು ಮೊಬೈಲಿನಲ್ಲಿ ಹುಡುಕಿದೆ. ಮನೆಯವರು ಹಾಸಿಗೆ ಪಕ್ಕ ಇರಲು ಅವಕಾಶ ಕೊಡಿ ಅಂತ ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಇಲ್ಲಿನ ಭೇಟಿ ಸಮಯದ ಬೋರ್ಡು ಅದಕ್ಕೂ ಹಳೆಯದಿರಬೇಕು.

ಸಿಸ್ಟರ್ ಇನ್ನೊಂದು ಕೆಲಸ ಕೊಟ್ಟಿದ್ದಾರೆ. ಈ ದಿನಗಳು ಅಪ್ಪಯ್ಯನಿಗೆ ನೆನಪಿರಲ್ಲ, ಇದ್ದರೂ ಕೆಟ್ಟ ಕನಸಿನ ಥರ ಇರತ್ತೆ, ಅವರಿಗಾಗಿ ಬರೆದಿಡಿ ಅಂತ. ಡೆನ್ಮಾರ್ಕ್, ಸ್ವೀಡನ್ ಕಡೆ ನರ್ಸ್‌ಗಳೂ ಮನೆಯವರೂ ಸೇರಿ ಹೀಗೆ ಬರೆಯುವ ರೂಢಿ ಇದೆ. ನೂರು ಪೇಜಿನ ನೋಟ್‌ಬುಕ್ ತಂದೆ. ಕೈ ಕಟ್ಟಿದ್ದನ್ನು ಬರೆಯಲೋ ಬೇಡವೋ ಅಂತ ತುಂಬ ಹೊತ್ತು ಕೂತೆ. ಬರೆದೆ. ಯಾಕೆ ಕಟ್ಟಿದ್ದರು, ಯಾರು ಬಿಚ್ಚಿದರು ಅಂತಲೂ ಬರೆದೆ. ಔಷಧಿ ಹೊಡೆದ ದಿನದ್ದಕ್ಕೆ ಒಂದು ಪೇಜು ಖಾಲಿ ಬಿಟ್ಟಿದ್ದೇನೆ.