ಹಾಳೆ ಹೆಕ್ಕುವ ಕಾಲದ ಲೆಕ್ಕ

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಎರಡು ಯಂತ್ರಗಳನ್ನಿಟ್ಟುಕೊಂಡು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ನಡೆಸುತ್ತಿರುವ ನಾನು, ಪ್ರತಿ ಏಪ್ರಿಲ್‌ನ ಮೊದಲ ವಾರ ಆ ವರ್ಷದ ಗುರಿಯನ್ನು ಬರೆದು ಗೋಡೆಗೆ ಅಂಟಿಸುತ್ತಿದ್ದೆ. ದಿನಕ್ಕೆ 800 ತಟ್ಟೆ, ತಿಂಗಳಿಗೆ 25 ದಿನ, ವರ್ಷಕ್ಕೆ 2,40,000. ಯಂತ್ರದ ಶಕ್ತಿಯನ್ನು ನೋಡಿ ಹಾಕಿದ ಈ ಲೆಕ್ಕದಲ್ಲಿ ತಪ್ಪಿದೆಯೆಂದು ನನಗೆ ಅನ್ನಿಸಿರಲಿಲ್ಲ. ಆದರೆ ಹಿಂದಿನ ವರ್ಷ ಶ್ರಾವಣದ ಸಮಾರಂಭಗಳಿಗೆ ಬೇಡಿಕೆ ಬಂದಾಗ ಒತ್ತಲು ಹಾಳೆಯೇ ಇರಲಿಲ್ಲ. ಹೊರಗಿನಿಂದ ದುಬಾರಿ ಬೆಲೆಗೆ ತರಿಸಿದ ಹಾಳೆಯಲ್ಲಿ ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಒಪ್ಪಿಕೊಂಡ ಎರಡು ಆರ್ಡರುಗಳನ್ನು ಕ್ಷಮೆ ಕೇಳಿ ಬಿಟ್ಟುಕೊಡಬೇಕಾಯಿತು.

ಆ ನೋವಿನಿಂದಲೇ ಈ ಬಾರಿ ಗುರಿ ಬರೆಯುವ ದಿನ ಕೆಲಸದ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿಕೊಂಡೆ. ನಾನು ಅಂಕಿಗಳನ್ನು ಓದಿ ಮುಗಿಸಿದ ಮೇಲೆ, ಹಾಳೆ ನೆನೆಸಿ ಉಜ್ಜಿ ತೊಳೆಯುವ ಕೆಲಸವನ್ನು ಮೊದಲಿನಿಂದ ನೋಡಿಕೊಂಡು ಬಂದ ಹಿರಿಯರೊಬ್ಬರು, "ನೀವು ತಟ್ಟೆ ಎಣಿಸ್ತೀರಿ, ಹಾಳೆ ಎಣಿಸೋದೇ ಇಲ್ಲವಲ್ಲ" ಎಂದರು. ಬೇಸಿಗೆಯಲ್ಲಿ ಉದುರಿದ ಹಾಳೆ ತೋಟದಲ್ಲಿಯೇ ಗರಿಗರಿಯಾಗಿ ಒಣಗುತ್ತದೆ. ಮಳೆ ಹಿಡಿದ ಮೇಲೆ ಬಿದ್ದದ್ದು ಕಪ್ಪಾಗಿ ದನದ ಮೇವಿಗೂ ಬೇಡವಾಗುತ್ತದೆ. ಇದು ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ಆದರೂ ಜೂನ್ ಮತ್ತು ಜನವರಿಗಳು ಒಂದೇ ಎಂಬಂತೆ ವರ್ಷವನ್ನು ಹನ್ನೆರಡರಿಂದ ಭಾಗಿಸಿದ್ದೆ.

ಅಲ್ಲೇ ಕುಳಿತು ಲೆಕ್ಕವನ್ನು ಹಿಂದಿನಿಂದ ಹಾಕಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 80,000 ತಟ್ಟೆ. ಒಂದು ಹಾಳೆಗೆ ಒಂದು ದೊಡ್ಡ ತಟ್ಟೆ. ಸೀಳಿದ್ದು, ಕಲೆಯಿದ್ದದ್ದು ಎಂದು ಐದರಲ್ಲಿ ಒಂದು ಹೋಗುತ್ತದೆ. ಅಂದರೆ ನೂರು ಹಾಳೆಯ 1,000 ಕಟ್ಟುಗಳು ಮಳೆಗೆ ಮುಂಚೆ ಒಳಗೆ ಸೇರಬೇಕು. ನಮ್ಮಲ್ಲಿದ್ದದ್ದು 300. ಅಟ್ಟದಲ್ಲಿ ಹಿಡಿಯುವುದೇ 500. ಆಷಾಢದಲ್ಲಿ ಮದುವೆಗಳಿಲ್ಲದೆ ಬೇಡಿಕೆಯೂ ಇಳಿಯುತ್ತದೆಂಬುದನ್ನು ಸೇರಿಸಿ ನೋಡಿದಾಗ, ಮಳೆಗಾಲದ ಗುರಿಯನ್ನು ತಿಂಗಳಿಗೆ 10,000ಕ್ಕೆ ಇಳಿಸುವುದೇ ಸರಿಯೆಂದು ತೋರಿತು. ವರ್ಷದ ಗುರಿ 2,00,000ಕ್ಕೆ ಬಂತು. ಗೋಡೆಯ ಮೇಲಿನ ಅಂಕಿಯನ್ನು ನಾನೇ ಹೊಡೆದು ಹಾಕುವಾಗ ಮನಸ್ಸಿಗೆ ಕಷ್ಟವಾಯಿತು ನಿಜ, ಆದರೆ ಆ ಘಟಕದಲ್ಲಿ ನಾನು ಬರೆದ ಗುರಿಗಳಲ್ಲಿ ನಂಬಿ ಬರೆದದ್ದು ಅದೇ ಮೊದಲು.

ಮೈಸೂರಿನಲ್ಲಿ ನಿರ್ವಹಣಾಶಾಸ್ತ್ರ ಓದುವಾಗ, ಗುರಿಗಳ ಮೂಲಕ ನಿರ್ವಹಣೆ ಎಂಬ ವಿಚಾರವನ್ನು ಪೀಟರ್ ಡ್ರಕರ್ 1954ರಲ್ಲಿ ಮುಂದಿಟ್ಟರೆಂದು ಪರೀಕ್ಷೆಗೆ ಬರೆದಿದ್ದೆ. ಅವರು ಅದರ ಜೊತೆಗೇ ಸ್ವಯಂ ನಿಯಂತ್ರಣ ಎಂಬ ಮಾತನ್ನೂ ಸೇರಿಸಿದ್ದರು. ಕೆಲಸ ಮಾಡುವವರು ತಮ್ಮ ಗುರಿಯನ್ನು ರೂಪಿಸುವುದರಲ್ಲಿ ಪಾಲುಗೊಂಡು, ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳಬೇಕೆಂಬ ಆ ಅರ್ಧವನ್ನು ನಾನು ಮರೆತೇಬಿಟ್ಟಿದ್ದೆ. 1981ರಲ್ಲಿ ಜಾರ್ಜ್ ಡೋರನ್ ಒಳ್ಳೆಯ ಗುರಿಗೆ ಐದು ಲಕ್ಷಣಗಳನ್ನು ಹೇಳಿದಾಗಲೂ, ಅದನ್ನು ಯಾರು ಮಾಡುತ್ತಾರೆಂಬುದು ಗೊತ್ತಿರಬೇಕೆಂಬುದು ಅವುಗಳಲ್ಲಿ ಒಂದಾಗಿತ್ತು. ನಾನು ಗೋಡೆಗೆ ಅಂಟಿಸುತ್ತಿದ್ದ ಕಾಗದದಲ್ಲಿ ಅಂಕಿಯಿತ್ತು, ಗಡುವಿತ್ತು, ಹೆಸರಿರಲಿಲ್ಲ.

ಆದ್ದರಿಂದ ಉಳಿದ ಆರು ವಾರಗಳಲ್ಲಿ, ನಿತ್ಯದ ಬಳಕೆಯನ್ನು ಬಿಟ್ಟು, ವಾರಕ್ಕೆ 34 ಕಟ್ಟು ಅಟ್ಟ ಸೇರಬೇಕೆಂದು ನಿಶ್ಚಯಿಸಿ ಯಾವ ತೋಟಕ್ಕೆ ಯಾರು ಹೋಗುವುದೆಂದು ಅವರೇ ಹಂಚಿಕೊಂಡರು. ತೋಟದವರಿಗೆ ಹಣವನ್ನು ತಿಂಗಳ ಕೊನೆಗಲ್ಲದೆ ಅಂದೇ ಕೊಡುವುದು ನನ್ನ ಪಾಲಿನ ಹೊಣೆಯಾಯಿತು. ಮೂರನೆಯ ವಾರ ಅಕಾಲಿಕ ಮಳೆ ಬಿದ್ದು 19 ಕಟ್ಟಿಗೆ ನಿಂತಿತು. ಸಂಜೆಯೇ ಮುಂದಿನ ವಾರಗಳ ಲೆಕ್ಕವನ್ನು ತಿದ್ದಿಕೊಂಡೆವು.

ಮಳೆ ಹಿಡಿದ ದಿನ ಅಟ್ಟದಲ್ಲಿ 486 ಕಟ್ಟುಗಳಿದ್ದವು. ಆ ಹಿರಿಯರು ಸೀಮೆಸುಣ್ಣದಿಂದ ಬಾಗಿಲಿನ ಮೇಲೆ ಆ ಸಂಖ್ಯೆಯನ್ನು ಬರೆದು, ಜೂನ್ ಕೊನೆಗೆ ಅದು ಎಷ್ಟಕ್ಕೆ ಇಳಿದಿರಬೇಕು ಎಂದು ನನ್ನನ್ನು ಕೇಳಿದರು.