ಒಂದು ಬದಿಯ ಹಲ್ಲು ಬಂತು, ಇನ್ನೊಂದು ಏಕೆ ಬರಲಿಲ್ಲ?

ಮೇಲ್ದವಡೆಯ ನಡುವಿನ ಬಾಚಿಹಲ್ಲುಗಳು ಸಾಮಾನ್ಯವಾಗಿ 7–8 ವರ್ಷಕ್ಕೆ ಬರುತ್ತವೆ. ಒಂದು ಬಂದು ಆರು ತಿಂಗಳಾದರೂ ಅದರ ಜೋಡಿ ಕಾಣದಿದ್ದರೆ, ಅಥವಾ ನಡುವಿನ ಹಲ್ಲಿಗಿಂತ ಮೊದಲು ಪಕ್ಕದ್ದೇ ಬಂದುಬಿಟ್ಟರೆ, ಎಕ್ಸ್‌ರೇ ತೆಗೆಸಿ. ಹಾಲುಹಲ್ಲು ಬೀಳದೆ ಹಾಗೇ ಉಳಿದಿದ್ದರೂ ಅಷ್ಟೇ. ನೋವಿಲ್ಲವೆಂದು ಸುಮ್ಮನೆ ಕಾಯಬೇಡಿ. ಕಾದಷ್ಟೂ ಅಕ್ಕಪಕ್ಕದ ಹಲ್ಲುಗಳು ವಾಲಿ ಜಾಗ ನುಂಗಿಬಿಡುತ್ತವೆ.

ದಾರಿಗೆ ಅಡ್ಡ ನಿಂತಿರುವುದು ಕೆಲವೊಮ್ಮೆ ಹೆಚ್ಚುವರಿ ಹಲ್ಲು, ಕೆಲವೊಮ್ಮೆ ಓಡಾಂಟೋಮಾ. ಇದು ಗಡ್ಡೆಯೇನೋ ಹೌದು, ಕ್ಯಾನ್ಸರ್ ಅಲ್ಲ. ಎನಾಮೆಲ್, ಡೆಂಟಿನ್‌ನಂಥ ಹಲ್ಲಿನದೇ ಅಂಗಾಂಶಗಳು ಕ್ರಮ ತಪ್ಪಿ ಬೆಳೆದದ್ದು. ಕಾಂಪೌಂಡ್ ಬಗೆಯಲ್ಲಿ ಪುಟ್ಟ ಪುಟ್ಟ ಹಲ್ಲುಗಳ ಗೊಂಚಲೇ ಇರುತ್ತದೆ, ಹೆಚ್ಚಾಗಿ ಮೇಲ್ದವಡೆಯ ಮುಂಭಾಗದಲ್ಲಿ. ಕಾಂಪ್ಲೆಕ್ಸ್ ಬಗೆಯದು ಆಕಾರವಿಲ್ಲದ ಗಟ್ಟಿ ಮುದ್ದೆ. ಅದು ಕೆಳದವಡೆಯ ಹಿಂಭಾಗದಲ್ಲೇ ಜಾಸ್ತಿ. ಎಕ್ಸ್‌ರೇಯಲ್ಲಿ ಎರಡೂ ಬಿಳಿಯಾಗಿ, ಸುತ್ತ ತೆಳುವಾದ ಕಪ್ಪು ಅಂಚಿನೊಂದಿಗೆ ಕಾಣುತ್ತವೆ.

ಹುದುಗಿದ ಹಲ್ಲು ತುಟಿಯ ಕಡೆ ಇದೆಯೋ ಅಂಗುಳಿನ ಕಡೆಯೋ ಎಂಬುದು ಒಂದೇ ಚಿತ್ರದಿಂದ ತಿಳಿಯುವುದಿಲ್ಲ. ಎಕ್ಸ್‌ರೇ ಟ್ಯೂಬನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯಬೇಕು. ಟ್ಯೂಬ್ ಸರಿದ ಕಡೆಗೇ ಹಲ್ಲೂ ಸರಿದಂತೆ ಕಂಡರೆ ಅದು ಅಂಗುಳಿನ ಬದಿ. ವಿರುದ್ಧ ದಿಕ್ಕಿಗೆ ಸರಿದರೆ ತುಟಿಯ ಬದಿ. ಅನುಮಾನ ಉಳಿದರೆ ಸಿಬಿಸಿಟಿ, ಅಂದರೆ ದವಡೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್. ಒಸಡನ್ನು ಯಾವ ಬದಿಯಿಂದ ಬಿಡಿಸಬೇಕೆಂಬುದು ಇದರ ಮೇಲೆಯೇ ನಿಂತಿದೆ.

ಗಡ್ಡೆಯನ್ನು ಸುತ್ತಲಿನ ಪೊರೆ ಸಮೇತ ತೆಗೆಯಬೇಕು. ಪೂರ್ತಿ ತೆಗೆದರೆ ಮರುಕಳಿಸುವುದು ಅಪರೂಪ. ತೆಗೆದದ್ದನ್ನು ಬಯಾಪ್ಸಿಗೆ ಕಳಿಸುವುದನ್ನು ಮಾತ್ರ ಬಿಡಬಾರದು: ಹೀಗೆಯೇ ಕಾಣುವ ಬೇರೆ ಗಡ್ಡೆಗಳೂ ಇವೆ.

ಅಡ್ಡಿ ತೆಗೆದ ಮೇಲೆ, ಹುದುಗಿದ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರದಿದ್ದು ಜಾಗವೂ ಇದ್ದರೆ ಹಲ್ಲು ತಾನಾಗಿ ಇಳಿಯುವ ಸಾಧ್ಯತೆ ಚೆನ್ನಾಗಿದೆ. ಇಲ್ಲವಾದರೆ ಹಲ್ಲಿಗೊಂದು ಬಟನ್ (ಎಳೆಯಲು ಹಿಡಿತ ಕೊಡುವ ಪುಟ್ಟ ಗುಂಡಿ) ಅಂಟಿಸಿ, ಸಣ್ಣ ಸರಪಳಿ ಕಟ್ಟಿ, ತಂತಿಯ ನೆರವಿನಿಂದ ಎಳೆಯುತ್ತಾರೆ. ಅಂಟಿಸುವಾಗ ರಕ್ತವೋ ಎಂಜಲೋ ತಾಗಿದರೆ ಬಟನ್ ಕಳಚಿ, ಮತ್ತೆ ಒಸಡು ಬಿಡಿಸಬೇಕಾಗುತ್ತದೆ. ಎಳೆತ ಹಗುರವಾಗಿರಬೇಕು, ಜೋರಾದರೆ ಬೇರು ಸವೆಯುತ್ತದೆ. ತಿಂಗಳುಗಟ್ಟಲೆ ಎಳೆದರೂ ಹಲ್ಲು ಕದಲದೆ, ಆಧಾರ ಕೊಟ್ಟ ಪಕ್ಕದ ಹಲ್ಲುಗಳೇ ಮೇಲಕ್ಕೆ ಸರಿಯುತ್ತಿದ್ದರೆ, ಬೇರು ಮೂಳೆಗೆ ಬೆಸೆದುಕೊಂಡಿದೆ ಎಂದು ಶಂಕಿಸಬೇಕು. ಆಗ ಎಳೆಯುವುದನ್ನು ನಿಲ್ಲಿಸಿ ಮರುಪರೀಕ್ಷೆ ಮಾಡಿಸಿ.