ಒಂದು ಋತು ಮುಂಚಿತವಾಗಿ ಹುಡುಕುವ ಉಡುಗೊರೆ

ಕೈಯಿಂದ ಮಾಡಿದ ವಸ್ತುವನ್ನು ಉಡುಗೊರೆಯಾಗಿ ಕೊಡಬೇಕೆಂದು ಮನಸ್ಸು ಮಾಡಿದವರು ಅದನ್ನು ಹುಡುಕಲು ಹೊರಡಬೇಕಾದದ್ದು ಕೊಡುವ ಋತುವಿನಲ್ಲಲ್ಲ, ಅದಕ್ಕೆ ಹಿಂದಿನ ಋತುವಿನಲ್ಲಿ. ಚಳಿಗಾಲದ ಶಾಲನ್ನು ಮಳೆಗಾಲದಲ್ಲೇ ಹೇಳಿಟ್ಟು ಬರುವುದು, ಮಳೆಗಾಲದ ಮೇಣದಬತ್ತಿಯನ್ನು ಬೇಸಿಗೆಯಲ್ಲೇ ಆಯ್ದಿಡುವುದು ನನಗೆ ಈಗ ಅಭ್ಯಾಸವಾಗಿಬಿಟ್ಟಿದೆ. ಈ ಅವಸರಕ್ಕೆ ಕಾರಣ ನನ್ನ ಸ್ವಭಾವವಲ್ಲ, ಆ ವಸ್ತುಗಳು ತಯಾರಾಗುವ ರೀತಿ.

ಸಾಬೂನನ್ನೇ ತೆಗೆದುಕೊಳ್ಳಿ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರನ್ನು ಬೆರೆಸಿ, ಒಲೆಯ ಮೇಲೆ ಬೇಯಿಸದೆ ಅಚ್ಚಿಗೆ ಸುರಿದು ಮಾಡುವ ಸಾಬೂನು ಒಂದೆರಡು ದಿನಗಳಲ್ಲಿ ಗಟ್ಟಿಯಾದಂತೆ ಕಂಡರೂ, ಒಳಗಿನ ನೀರು ನಿಧಾನವಾಗಿ ಆರಿ ಅದು ಸ್ನಾನಕ್ಕೆ ಹದವಾಗಲು 4ರಿಂದ 6 ವಾರಗಳು ಬೇಕು. ಹಾಗೆ ಆರದ ಸಾಬೂನು ಒಳ್ಳೆಯ ಪರಿಮಳವಿದ್ದರೂ ಬಚ್ಚಲಿನಲ್ಲಿ ಬೇಗ ಕರಗಿ ಹೋಗುತ್ತದೆ. ಮಣ್ಣಿನ ಪಾತ್ರೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ತಿಗರಿಯಿಂದ ಇಳಿಸಿದ ಹಸಿ ಪಾತ್ರೆಯಲ್ಲಿ ತೇವ ಉಳಿದಿದ್ದರೆ ಸುಡುವಾಗ ಅದು ಆವಿಯಾಗಿ ಹಿಗ್ಗಿ ಪಾತ್ರೆಯನ್ನು ಒಡೆಯುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಮಳೆಯ ತಿಂಗಳುಗಳಲ್ಲಿ ಒಣಗುವುದೂ ತಡ. ಇಷ್ಟು ತಿಳಿದ ಮೇಲೆ, ಮುಂದಿನ ವಾರ ಆರು ಬಟ್ಟಲು ಬೇಕೆಂದು ಯಾವ ಕುಶಲಕರ್ಮಿಯನ್ನೂ ಒತ್ತಾಯಿಸಲು ಮನಸ್ಸು ಬರುವುದಿಲ್ಲ.

ಆರಿಸುವಾಗ ನಾನು ಮೊದಲು ನೋಡುವುದು ವಸ್ತುವಿನ ಹಿಂಬದಿಯನ್ನು. ಕಸೂತಿ ಮಾಡಿದ ಬಟ್ಟೆಯನ್ನು ಮಗುಚಿದರೆ ಎಳೆಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಸಡಿಲವಾಗಿ ಜಿಗಿದಿವೆಯೇ, ತುದಿಗಳನ್ನು ಹೊಲಿಗೆಯ ಕೆಳಗೆ ಸೇರಿಸಿ ಮುಗಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಸಡಿಲವಾಗಿ ಜೋತುಬಿದ್ದ ಎಳೆ ಎಂದಾದರೊಂದು ದಿನ ಬಳೆಗೋ ಉಂಗುರಕ್ಕೋ ಸಿಕ್ಕಿ ಎದುರಿನ ಹೂವನ್ನೇ ಸುಕ್ಕುಗಟ್ಟಿಸುತ್ತದೆ. ಕಾಫಿಯ ಮಗ್ಗನ್ನು ಕೈಗೆತ್ತಿಕೊಂಡಾಗಲೂ ಹಾಗೆಯೇ, ಬಣ್ಣಕ್ಕಿಂತ ಮೊದಲು ತಳವನ್ನು ನೋಡಬೇಕು. ನೆಲಕ್ಕೆ ತಾಗುವ ಅಂಚಿನ ಸುತ್ತ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲದೆ ಬರಿಯ ಮಣ್ಣು ಕಾಣುವುದು ದೋಷವಲ್ಲ. ಅಲ್ಲಿ ಗ್ಲೇಜ್ ಉಳಿದರೆ ಅದು ಕರಗಿ ಪಾತ್ರೆ ಸುಡುವ ಗೂಡಿನ ಹಲಗೆಗೇ ಅಂಟಿಕೊಳ್ಳುತ್ತದೆ ಎಂದು ಮಾಡಿದವರು ಒರೆಸಿ ತೆಗೆದಿರುತ್ತಾರೆ. ಆದರೆ ಆ ಅಂಚು ತರಿತರಿಯಾಗಿ ಉಳಿದಿದ್ದರೆ ಮೇಜಿನ ಮೇಲೆ ಗೀರು ಬೀಳುವುದು ಖಂಡಿತ, ಆದ್ದರಿಂದ ಬೆರಳಾಡಿಸಿ ನೋಡಬೇಕು. ಆಮೇಲೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಡಬೇಕು. ಗಟ್ಟಿಯಾಗಿ ಸುಟ್ಟ ಪಾತ್ರೆ ಸ್ಪಷ್ಟವಾಗಿ ನಾದ ಕೊಡುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ಹಿಡಿಯಲ್ಲಿ ಬೆರಳು ಸಲೀಸಾಗಿ ಹೊಗುತ್ತದೆಯೇ ಎಂಬುದನ್ನು ಅದನ್ನು ಪಡೆಯಲಿರುವವರ ಕೈಯನ್ನು ನೆನಪಿಸಿಕೊಂಡೇ ತೀರ್ಮಾನಿಸಬೇಕು. ಕೀಲುನೋವಿರುವ ಹಿರಿಯರಿಗೆ ಅಂದದ ಪುಟ್ಟ ಹಿಡಿ ಕೊಟ್ಟರೆ ಆ ಮಗ್ಗು ಕಪಾಟಿನಲ್ಲೇ ಉಳಿಯುತ್ತದೆ.

ಚಳಿಗಾಲಕ್ಕೆ ಉಣ್ಣೆಗೆ ಸಮನಾದದ್ದು ಇಲ್ಲವೆಂದೇ ನನ್ನ ನಂಬಿಕೆ. ಅದರ ಎಳೆಯ ಗುಂಗುರಿನ ನಡುವೆ ಗಾಳಿ ನಿಂತು ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಜೊತೆಗೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಇಂಥ ಗುಣವಂತ ಎಳೆಗೆ ಒಂದು ಅಪಾಯವೂ ಇದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿದ್ದು, ಬಿಸಿನೀರಿನಲ್ಲಿ ತಿಕ್ಕಿ ಒಗೆದಾಗ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಕೈಹೆಣಿಗೆಯ ಸ್ವೆಟರ್ ಕೊಡುವಾಗ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ, ನೇತುಹಾಕದೆ ಚಪ್ಪಟೆಯಾಗಿ ಹರಡಿ ಒಣಗಿಸಿ ಎಂಬ ಚೀಟಿಯನ್ನು ಜೊತೆಗಿಡುವುದು ಉಡುಗೊರೆಯ ಭಾಗವೇ ಸರಿ. ಎಳೆಗೂಸಿಗೆ ಕುಲಾವಿ ಕೊಡುವವರು ಹತ್ತಿಯ ನೂಲನ್ನು ಆರಿಸಿದರೆ ತಾಯಂದಿರಿಗೆ ಎಷ್ಟೋ ಹಗುರ: ಹತ್ತಿಯ ಎಳೆ ಒದ್ದೆಯಾದಾಗ ಇನ್ನಷ್ಟು ಬಲಗೊಳ್ಳುವುದರಿಂದ ದಿನವೂ ಒಗೆದರೂ ತಾಳಿಕೊಳ್ಳುತ್ತದೆ, ಮಗುವಿನ ಹಣೆಗೆ ಚುಚ್ಚುವುದೂ ಇಲ್ಲ.

ಮಳೆಗಾಲದ ಸಂಜೆಗಳಿಗೆ ನನ್ನ ಮೊದಲ ಆಯ್ಕೆ ಜೇನುಮೇಣದ ಬತ್ತಿ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಮೇಣ ನಿಧಾನವಾಗಿ ಉರಿಯುತ್ತದೆ, ಬೇರೆ ಸುಗಂಧ ಬೆರೆಸದೆಯೇ ನವಿರಾದ ಜೇನಿನ ವಾಸನೆ ಕೊಡುತ್ತದೆ. ಕೆಲವು ತಿಂಗಳು ಇಟ್ಟರೆ ಅದರ ಮೈಮೇಲೆ ಬೂದಿ ಸವರಿದಂಥ ಬಿಳಿಯ ಪೊರೆ ಮೂಡುತ್ತದೆ. ಹಳಸಿತೆಂದು ಅದನ್ನು ಎಸೆಯುವವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ, ಏಕೆಂದರೆ ಅದು ಜೇನುಮೇಣದ ಸಹಜ ಲಕ್ಷಣ, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಬತ್ತಿಯಾದರೆ ಮೊದಲ ಸಲ ಹಚ್ಚಿದಾಗ ಮೇಲ್ಭಾಗದ ಮೇಣವೆಲ್ಲ ಅಂಚಿನವರೆಗೆ ಕರಗುವ ತನಕ ಆರಿಸಬಾರದು. ಅರ್ಧಕ್ಕೆ ಆರಿಸಿದರೆ ಮುಂದೆ ಪ್ರತಿ ಸಲವೂ ಅಷ್ಟಗಲಕ್ಕೇ ಗುಳಿಬಿದ್ದು ಸುತ್ತಲಿನ ಮೇಣ ಉರಿಯದೆ ಉಳಿಯುತ್ತದೆ. ಇದರ ಜೊತೆಗೆ, ಹಾಳೆಗಳನ್ನು ಕಟ್ಟುಗಳಾಗಿ ಮಡಚಿ ನೂಲಿನಿಂದ ಹೊಲಿದ ಒಂದು ನೋಟ್‌ಬುಕ್ ಇದ್ದರೆ ಸಂಜೆ ತುಂಬಿಬಂದಂತೆ. ಅಂಟಿನಿಂದ ಮಾತ್ರ ಹಿಡಿದ ಪುಸ್ತಕದಂತೆ ಅದು ಹಾಳೆ ಉದುರಿಸುವುದಿಲ್ಲ, ತೆರೆದಿಟ್ಟರೆ ಮೇಜಿನ ಮೇಲೆ ತಾನಾಗಿ ಅಗಲವಾಗಿ ಮಲಗಿ ಬರೆಯುವ ಕೈಗೆ ಜಾಗ ಕೊಡುತ್ತದೆ.

ಬೇಸಿಗೆಗೆ ಹೆಚ್ಚು ಹುಡುಕಾಟ ಬೇಡ. ನೀರನ್ನು ಜಿನುಗಿಸಿ ತಣ್ಣಗಾಗುವ, ಗ್ಲೇಜ್ ಇಲ್ಲದ ಮಣ್ಣಿನ ಹೂಜಿ ಅಥವಾ ಒಗೆದಷ್ಟೂ ಮೃದುವಾಗುವ ಲಿನನ್ ಬಟ್ಟೆ, ಎರಡರಲ್ಲಿ ಒಂದು ಸಾಕು.

ಬೆಲೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ: ಕೈಕೆಲಸದವರ ಮುಂದೆ ಚೌಕಾಸಿ ಮಾಡುವುದಿಲ್ಲ. ಹಣ ಕಡಿಮೆಯಿದ್ದರೆ ಚಿಕ್ಕದನ್ನು ಕೊಳ್ಳುತ್ತೇನೆ, ಹೊದಿಕೆಯ ಬದಲು ಕೈಚೀಲ, ಬಟ್ಟಲುಗಳ ಜೊತೆಯ ಬದಲು ಒಂದೇ ಬಟ್ಟಲು. ಬೇಕಾದಂತೆ ಮಾಡಿಸಿಕೊಳ್ಳುವಾಗ ಅಳತೆ, ಬಣ್ಣ, ಬೇಕಾದ ದಿನ ಈ ಮೂರನ್ನು ಹೇಳಿ ಉಳಿದದ್ದನ್ನು ಅವರ ಕೈಗೇ ಬಿಡುವುದು ಒಳ್ಳೆಯದು. ಯಾವುದೋ ಚಿತ್ರವನ್ನು ತೋರಿಸಿ ಅದರ ಪಡಿಯಚ್ಚನ್ನೇ ಕೇಳಿದರೆ ಅವರ ಕೈಯ ಗುರುತು ಅದರಲ್ಲಿ ಉಳಿಯುವುದಾದರೂ ಹೇಗೆ? ಉಡುಗೊರೆಯನ್ನು ಬಟ್ಟೆಯಲ್ಲಿ ಸುತ್ತಿ, ಮಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಒಳಗಿನ ಚೀಟಿಯಲ್ಲಿ ಬರೆದಿಡುತ್ತೇನೆ. ಹಿಡಿ ಮುರಿದಾಗಲೋ ಅಂಚು ಬಿಚ್ಚಿಕೊಂಡಾಗಲೋ ದುರಸ್ತಿಗೆ ಯಾರನ್ನು ಕೇಳಬೇಕೆಂಬುದು ಪಡೆದವರಿಗೆ ಅದರಿಂದ ತಿಳಿಯುತ್ತದೆ.